ನುಂಗುವ ಮದ್ದಲ್ಲ, ಸೇದುವ ಮದ್ದು

ಕಾಪುವಿನಲ್ಲಿರುವ ನನ್ನ ಅಕ್ಕನಿಗೆ ಉಬ್ಬಸ. ಮಣಿಪಾಲದ ಡಾಕ್ಟರರು ಹೊಸ ಮದ್ದು ಕೊಟ್ಟು ಕೆಲವು ವಾರ ಕಳೆದರೂ ಫೋನಿನಲ್ಲಿ ಅವಳ ಮಾತು ತುಂಡಾಗುತ್ತಿತ್ತು. “ಮದ್ದು ಸರಿಯಾಗಿ ತಗೊಳ್ತೀಯಾ?” ಎಂದರೆ, “ಒಂದು ಹೊತ್ತೂ ತಪ್ಪಿಸಲಿಲ್ಲ ಮಾರಾಯ್ತಿ” ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಎದೆಯ ಸುಂಯ್ ಸದ್ದು ಫೋನಿನಲ್ಲೇ ಕೇಳಿಸಿತು. ಒಲೆ ಆರಿಸಿ ಕಾರ್ಕಳದಿಂದ ಬಸ್ಸು ಹತ್ತಿದೆ. ಬೆಳ್ಮಣ್ಣಿನಲ್ಲಿ ಬಸ್ಸು ಜನಕ್ಕಾಗಿ ಕಾದು ನಿಂತಾಗ ಇಳಿದು ನಡೆದೇ ಹೋಗೋಣ ಅನ್ನಿಸಿತು.

ಅಕ್ಕ ಮೊಣಕಾಲಿಗೆ ಕೈಯೂರಿ, ಮುಂದಕ್ಕೆ ಬಾಗಿ ಕೂತಿದ್ದಳು. “ನೀರು ಕೊಡು, ಬೆಳಗಿನ ಮದ್ದು ಬಾಕಿ ಉಂಟು” ಎಂದಳು. ಡಬ್ಬಿಯಿಂದ ಒಂದು ಕ್ಯಾಪ್ಸೂಲ್ ತೆಗೆದು ಬಾಯಿಗೆ ಹಾಕಿ ನೀರು ಕುಡಿದಳು. ಡಬ್ಬಿ ತಿರುಗಿಸಿ ನೋಡಿದೆ. ನುಂಗಬಾರದು, ಇನ್‌ಹೇಲರಿನಲ್ಲಿ ಹಾಕಿ ಸೇದಬೇಕು ಎಂದು ಸಣ್ಣ ಅಕ್ಷರದಲ್ಲಿತ್ತು.

“ಅಕ್ಕಾ, ಇದರ ಜೊತೆ ಎಂತದೋ ಕೊಟ್ಟಿದ್ದರಲ್ಲ, ಅದೆಲ್ಲಿ?”

“ಆ ಪ್ಲಾಸ್ಟಿಕ್ ಪೀಪಿಯಾ? ಕಪಾಟಿನಲ್ಲಿ ಉಂಟು. ಉಸಿರಿನ ವ್ಯಾಯಾಮಕ್ಕೆ ಅಂದುಕೊಂಡೆ. ಕ್ಯಾಪ್ಸೂಲ್ ಅಂದ ಮೇಲೆ ನುಂಗುವುದೇ ಅಲ್ವಾ?”

ಡಬ್ಬಿಯನ್ನೂ ಆ ಪೀಪಿಯನ್ನೂ ಚೀಲಕ್ಕೆ ಹಾಕಿಕೊಂಡೆ. ಹೊಟ್ಟೆಗೆ ಹೋದದ್ದು ಏನು ಮಾಡಿತೋ, ಎದೆಗೆ ಹೋಗದ್ದರಿಂದ ಏನಾಯಿತೋ. ರಿಕ್ಷಾ ಕರೆಸಿ ಮಣಿಪಾಲಕ್ಕೆ ಹೊರಟೆವು. ದಾರಿಯುದ್ದಕ್ಕೂ ಅವಳು ಕಣ್ಣು ಮುಚ್ಚಿದಾಗಲೆಲ್ಲ ನಾನು ಭುಜ ಅಲುಗಿಸುತ್ತಿದ್ದೆ.

ಆಸ್ಪತ್ರೆಯಲ್ಲಿ ಮೂಗು, ಬಾಯಿ ಮುಚ್ಚುವ ಮಾಸ್ಕ್ ಹಾಕಿ ಮದ್ದಿನ ಹಬೆ ಕೊಟ್ಟರು. ಅದು ಮುಗಿಯುವವರೆಗೂ ನಾನು ಕುರ್ಚಿಯಿಂದ ಎದ್ದು, ಕಿಟಕಿಗೆ ಹೋಗಿ, ಮತ್ತೆ ಬಂದು ಅವಳ ಉಗುರು ನೀಲಿಯಾಯಿತೇ ಎಂದು ನೋಡುತ್ತಿದ್ದೆ. ಡಾಕ್ಟರರು ಗದರಲಿಲ್ಲ. ನುಂಗಿದ್ದರಿಂದ ದೊಡ್ಡ ತೊಂದರೆಯಿಲ್ಲ, ಮದ್ದು ಶ್ವಾಸಕೋಶಕ್ಕೆ ಮುಟ್ಟಲೇ ಇಲ್ಲ ಅಷ್ಟೆ ಎಂದರು. ಕ್ಯಾಪ್ಸೂಲನ್ನು ಆ ಪೀಪಿಯೊಳಗಿಟ್ಟು, ತಿರುಗಿಸಿ ಒಡೆದು, ಉಸಿರು ಪೂರ್ತಿ ಹೊರಗೆ ಬಿಟ್ಟ ಮೇಲೆ ತುಟಿ ಬಿಗಿಹಿಡಿದು ಜೋರಾಗಿ ಒಳಗೆಳೆಯಬೇಕು. ಸ್ವಲ್ಪ ಹೊತ್ತು ಉಸಿರು ಹಿಡಿದು, ಕೊನೆಗೆ ಬಾಯಿ ಮುಕ್ಕಳಿಸಬೇಕು ಎಂದು ತೋರಿಸಿಕೊಟ್ಟರು. ಅಕ್ಕ ಮೊದಲ ಸಲ ಪೀಪಿಯಂತೆ ಊದಿಬಿಟ್ಟಳು. ಬಿಳಿ ಪುಡಿ ಅವಳ ಸೀರೆಯ ಮೇಲೆ ಬಿತ್ತು. ಎರಡನೆಯ ಸಲ ಸರಿಯಾಯಿತು.

“ಎಂತದೂ ಒಳಗೆ ಹೋದ ಹಾಗೆಯೇ ಆಗಲಿಲ್ಲ” ಎಂದು ಸಂಶಯಪಟ್ಟಳು.

ಆ ವಾರ ಅವಳ ಮನೆಯಲ್ಲೇ ಉಳಿದೆ. ಅವಳು ಸೇದುವಾಗ ಎದುರು ನಿಂತು ಎದೆ ನೋಡುತ್ತಿದ್ದೆ. “ನೀನು ಕೂತುಕೋ. ನಿನ್ನನ್ನು ನೋಡಿದರೆ ನನಗೆ ದಮ್ಮು ಬರ್ತದೆ” ಎನ್ನುತ್ತಿದ್ದಳು. ವಾರದ ಕೊನೆಗೆ ಒಂದು ಬೆಳಿಗ್ಗೆ ಎದ್ದರೆ ಮನೆಯಲ್ಲಿ ಅವಳಿಲ್ಲ. ಚಪ್ಪಲಿಯನ್ನೂ ಹಾಕದೆ ರಸ್ತೆಗೆ ಓಡಿದೆ. ಅಕ್ಕ ಬಂಗುಡೆ ಮೀನಿನ ಚೀಲ ಹಿಡಿದು, ಏರುದಾರಿಯಲ್ಲಿ ಎಲ್ಲೂ ನಿಲ್ಲದೆ ಬರುತ್ತಿದ್ದಳು.

“ಎಂತ, ಮೀನಿಗೆ ಹೊರಟದ್ದಾ?” ಎಂದು ಕೇಳಿದಳು.