ಶಾರದೆ ಹಾಕುತ್ತಿದ್ದ ಲೈಟು

ಹಳೇ ವೈರಿನ ರಬ್ಬರು ಪುಡಿಯಾದಾಗ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಸ್ವಲ್ಪ ಕಮಟು, ಸ್ವಲ್ಪ ಒಣಗಿದ ಡಾಂಬರಿನ ಹಾಗೆ. ಕೊಡ್ಲಿಪೇಟೆಯ ನಮ್ಮ ಮನೆಯ ಹೊರಗೋಡೆಗೆ ಬಣ್ಣ ಹೊಡೆಸುವ ಮೊದಲು, ಕೆಲಸಕ್ಕೆ ಬಾರದ ವೈರುಗಳನ್ನು ತೆಗೆಸೋಣವೆಂದು ಕರೆಂಟಿನ ಕೆಲಸದವನನ್ನು ಕರೆಸಿದ್ದೆ. ಅವನು ಏಣಿ ಹತ್ತಿ ಒಂದೊಂದನ್ನೇ ಹಿಡಿದು, "ಇದು ಯಾವ್ದಮ್ಮ?" ಎಂದು ಕೇಳುತ್ತಿದ್ದ. ತಾಮ್ರದ ಬರಿತಂತಿ ರೇಡಿಯೋದ ಏರಿಯಲ್ಲು. ಕಪ್ಪು ವೈರು ಟೆಲಿಫೋನಿನದು. ಮೂರನೆಯದು ಮರದ ಪಟ್ಟಿಯ ಮೇಲೆ ಅಡುಗೆಮನೆ ಕಿಟಕಿಯಿಂದ ಹೊರಟು, ಗೋಡೆಯ ಅಂಚಿನಲ್ಲಿ ತುಂಡಾಗಿತ್ತು. "ಆಕಡೆ ಮನೇನೇ ಇಲ್ವಲ್ಲಮ್ಮ, ಎಲ್ಲಿಂದ ಬಂತಿದು?" ಎನ್ನುತ್ತ ಅದನ್ನು ಬಗ್ಗಿಸಿದ. ರಬ್ಬರು ಉದುರಿ ಆ ವಾಸನೆ ಬಂತು.

ಆಕಡೆ ದೊಡ್ಡಪ್ಪನ ಮನೆಯಿತ್ತು. ಈಗ ಬರೀ ಬಾಳೆಗಿಡ. ಒಂದೇ ಮನೆಯನ್ನು ಪಾಲು ಮಾಡಿ ನಡುವೆ ಗೋಡೆ ಎಬ್ಬಿಸಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ದೊಡ್ಡಪ್ಪನ ಪಾಲಿಗೆ ಕರೆಂಟು ಬಂತು. ತಮ್ಮನ ಮನೆ ಕತ್ತಲಲ್ಲಿರಬಾರದೆಂದು ಅವರೇ ಒಂದು ವೈರು ಎಳೆಸಿ ನಮ್ಮ ಅಡುಗೆಮನೆಗೆ ಬಲ್ಬು ಹಾಕಿಸಿಕೊಟ್ಟರು. ಸ್ವಿಚ್ಚು ಮಾತ್ರ ಅವರ ನಡುಮನೆಯಲ್ಲೇ ಉಳಿಯಿತು. ಮುಸ್ಸಂಜೆಗೆ ಅವ್ವ ಹಿತ್ತಿಲ ಬಾಗಿಲಲ್ಲಿ ನಿಂತು, "ಶಾರದಾ, ಲೈಟ್ ಹಾಕವ್ವಾ" ಎಂದು ಕೂಗುತ್ತಿದ್ದಳು. ದೊಡ್ಡಪ್ಪನ ಮಗಳು ಶಾರದೆ ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ತಾಯಿಯಿಲ್ಲದವಳು. ಸ್ವಿಚ್ಚು ಒತ್ತಿದವಳೇ ಹಿತ್ತಿಲು ಸುತ್ತಿ ಓಡಿ ಬಂದು, "ಹತ್ತಿತಾ ಚಿಕ್ಕವ್ವ?" ಎಂದು ಕೇಳಿ ಒಲೆಯ ಮುಂದೆ ಕೂತುಬಿಡುತ್ತಿದ್ದಳು. ಕಾವಲಿಯಿಂದೆದ್ದ ಮೊದಲ ಅಕ್ಕಿರೊಟ್ಟಿ ಅವಳಿಗೆ. ಅವ್ವ ಅವಳ ತಲೆ ಬಾಚುತ್ತ ಕತೆ ಹೇಳುವಳು; ನನ್ನ ತಲೆ ಬಾಚುವಾಗ ಬರೀ ಬೈಗುಳ. ಅಯ್ಯೋ, ಆ ಹೊಟ್ಟೆಕಿಚ್ಚನ್ನು ಏನೆಂದು ಹೇಳಲಿ! ಅವಳ ಉದ್ದ ಜಡೆ, ಅವಳ ನಗು, ಎಲ್ಲಕ್ಕೂ ಉರಿದುಹೋಗುತ್ತಿದ್ದೆ. ನನ್ನ ಅವ್ವ ನನಗೆ ಮಾತ್ರ ಬೇಕಿತ್ತು.

ಒಂದು ದಿನ ಅಪ್ಪನ ಹತ್ತಿರ ಹೋಗಿ, "ನಾವು ಲೈಟ್ ಹಾಕಿದ್ರೆ ತಾನೇ ನೀವು ಉಣ್ಣೋದು ಅಂತ ಶಾರದೆ ಆಡ್ಕೊತಾಳೆ" ಎಂದೆ. ಹಸೀ ಸುಳ್ಳು. ಅವಳ ಬಾಯಲ್ಲಿ ಅಂಥ ಮಾತು ಹುಟ್ಟುತ್ತಲೇ ಇರಲಿಲ್ಲ. ಅಪ್ಪನ ಸ್ವಾಭಿಮಾನ ಎಂಥದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಎದ್ದು ಹೋಗಿ ಬಲ್ಬು ಬಿಚ್ಚಿ ದೊಡ್ಡಪ್ಪನ ಜಗಲಿಯ ಮೇಲಿಟ್ಟು ಬಂದರು. "ನಮಗೆ ಸೀಮೆಎಣ್ಣೆ ಬುಡ್ಡಿನೇ ಸಾಕು. ಇನ್ನು ಆ ಹುಡುಗಿ ಈಕಡೆ ಬರೋದು ಬೇಡ" ಎಂದರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಅಷ್ಟೆ. ಮಾರನೆಯ ಸಂಜೆ ಶಾರದೆ ಹಿತ್ತಿಲ ಬಾಗಿಲವರೆಗೆ ಬಂದು, ಒಳಗೆ ಅಪ್ಪನನ್ನು ಕಂಡು ಹಿಂದಿರುಗಿ ಹೋದಳು. ಆಮೇಲೆ ಅವಳನ್ನು ಮದುವೆ ಮಾಡಿ ಹಾಸನದ ಕಡೆ ಕೊಟ್ಟರು. ಚೊಚ್ಚಲ ಹೆರಿಗೆಯಲ್ಲೇ ತೀರಿಕೊಂಡಳಂತೆ. ನಾನು ನಿಜ ಹೇಳಲೇ ಇಲ್ಲ, ಅವಳಿಗೂ, ಅವ್ವನಿಗೂ.

ಅವ್ವ ಹಾಸಿಗೆ ಹಿಡಿದ ಕೊನೆಯ ವರ್ಷ ನಾನೇ ನೋಡಿಕೊಂಡೆ. ಅವಳಿಗೆ ಹೊತ್ತಿನ ಪರಿವೆಯಿರಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ತಡೆದು, "ಶಾರದೆ ಉಂಡ್ಲೇನೇ?" ಎಂದಳು.

"ಉಂಡ್ಲವ್ವಾ" ಎಂದೆ.

ಸಮಾಧಾನದಿಂದ ಬಾಯಿ ತೆರೆದಳು. ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವ್ವ ಅದನ್ನು ಕೇಳಲಿಲ್ಲ ನೋಡಿ, ಆ ವಯಸ್ಸಿನಲ್ಲೂ, ಸತ್ತವಳ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.