ಪಕ್ಕದ ಲೋಕದ ಕಂಡಕ್ಟರು

...ಎಡಗೈ ಆಗಿರಲಾರದು. ಆಸ್ಪತ್ರೆಯಲ್ಲಿ ಕಂಡಕ್ಟರ ಎಡಗೈಗೆ ಎರಡು ಸೂಜಿ ಚುಚ್ಚಿ, ಬಿಳಿ ಪ್ಲಾಸ್ಟರ್ ಹಚ್ಚಿ, ಅಲುಗಾಡಿಸಬೇಡಿ ಎಂದು ಸಿಸ್ಟರ್ ಗದರಿ ಹೋಗಿರುತ್ತಿದ್ದರು. ಆದರೂ ನನ್ನ ಕಣ್ಣ ಮುಂದೆ ಅವರು ಎಡಗೈಯಲ್ಲೇ ಮೊಬೈಲ್ ಎತ್ತಿ ಹಿಡಿದು ನಗುತ್ತಿದ್ದಾರೆ. ಮೊನ್ನೆ ಹುರುಳಿಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡು ಪ್ಲಾಸ್ಟರ್ ಸುತ್ತಿಕೊಂಡೆ. ಆ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ಈ ಚಿತ್ರ ಎದ್ದು ಬಂತು. ಎದ್ದು ಬಂದದ್ದೇ ತಪ್ಪು ಚಿತ್ರ. ಎರಡು ಮಂಚಗಳ ನಡುವಿನ ಸ್ಟೂಲಿನ ಮೇಲೆ, ಟಿಫಿನ್ ಡಬ್ಬಿಗೆ ಒರಗಿಕೊಂಡು ಮೊಬೈಲ್ ನಿಂತಿರುತ್ತಿತ್ತು ಎಂದು ಬುದ್ಧಿ ಹೇಳುತ್ತದೆ. ಕಣ್ಣು ಕೇಳುವುದಿಲ್ಲ.

ಆದ್ದರಿಂದ ಮುಂದೆ ಬರೆಯುವುದನ್ನೂ ಸ್ವಲ್ಪ ಅನುಮಾನದಿಂದಲೇ ಓದಬೇಕು. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಆಗ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಎರಡು ಸಲ ಯಳಂದೂರಿನಿಂದ ಬಸ್ಸಿನಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ನಾಲ್ಕು ಗಂಟೆ ಡಯಾಲಿಸಿಸ್ ಮಷೀನಿನ ಪಕ್ಕ ಮಲಗಬೇಕು. ಕುಡಿಯುವ ನೀರಿಗೂ ಅಳತೆ. ಯಳಂದೂರಿನ ಅಕ್ಕಿ ಗಿರಣಿಯಲ್ಲಿ ಆಯುಷ್ಯವೆಲ್ಲ ದೊಡ್ಡ ದೊಡ್ಡ ಮಷೀನುಗಳನ್ನು ಓಡಿಸಿದ ಅಪ್ಪನಿಗೆ ಈ ಸಣ್ಣ ಮಷೀನಿಗೆ ತನ್ನನ್ನು ಕಟ್ಟಿಹಾಕಿದ್ದು ಅವಮಾನದ ಹಾಗೆ ಕಾಣುತ್ತಿತ್ತು. ಒಂದು ದಿನ ಸೂಜಿ ಚುಚ್ಚಿಸಿಕೊಳ್ಳುತ್ತಲೇ ನನ್ನ ಕಡೆ ತಿರುಗಿ, "ಇದೇ ಕೊನೆ ಕಣವ್ವ. ಮುಂದಿನ್ ಸಲ ನಾನ್ ಬರಕಿಲ್ಲ. ಬಲವಂತ ಮಾಡ್ಬ್ಯಾಡ" ಎಂದರು. ಕೋಪದಿಂದ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಸಂತೆಗೆ ಬರುವುದಿಲ್ಲ ಎನ್ನುವ ಹಾಗೆ ಹೇಳಿದ್ದರು. ಬರುವುದನ್ನು ನಿಲ್ಲಿಸಿದರೆ ಎಷ್ಟು ದಿನ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಪಕ್ಕದ ಮಂಚದಿಂದ ಒಂದು ದನಿ ಬಂತು. "ಯಜಮಾನ್ರೇ, ಇವತ್ತಂತೂ ಬಂದಿದ್ದೀರಲ್ಲ. ಟೈಮ್ ಪಾಸ್‌ಗೆ ಒಂದು ಅನಿಮೆ ನೋಡ್ತೀರಾ?"

ಅವರು ಹನೂರಿನವರು. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಕಾಯಿಲೆ ಬಂದ ಮೇಲೆ ಕೆಲಸ ಬಿಟ್ಟಿದ್ದರು, ಆದರೆ ವಾರ್ಡಿನವರೆಲ್ಲ ಕಂಡಕ್ಟರು ಎಂದೇ ಕರೆಯುತ್ತಿದ್ದರು. ನಲವತ್ತರ ಆಸುಪಾಸು. ಮೀಸೆ ಇತ್ತು... ಅಥವಾ ಇರಲಿಲ್ಲ. ದನಿ ಮಾತ್ರ ಚೆನ್ನಾಗಿ ನೆನಪಿದೆ, ಹಿಂದಿನ ಸೀಟಿಗೂ ಕೇಳುವಂಥ ದನಿ.

"ಅದೇನಪ್ಪಾ ಅದು?" ಎಂದರು ಅಪ್ಪ.

"ಜಪಾನಿನೋರ್ದು."

"ಕಾರ್ಟೂನಾ?" ಎಂದೆ ನಾನು.

"ಕಾರ್ಟೂನ್ ಅನ್ಬ್ಯಾಡಿ ಅಕ್ಕಾ. ಏರ್ ಬಸ್ಸುನ್ನ ಟೆಂಪೋ ಅಂದಂಗಾಯ್ತದೆ."

ಅಂಥ ಅನಿಮೆಗಳಲ್ಲಿ ಒಂದು ಜಾತಿ ಇದೆ ಎಂದು ಆಮೇಲೆ ಅವರೇ ತಿಳಿಸಿ ಹೇಳಿದರು. ಕೆಲಸಕ್ಕೆ ಬಾರದ ಹುಡುಗನೊಬ್ಬ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಸಾಯುತ್ತಾನೆ. ಕಣ್ಣು ಬಿಟ್ಟರೆ ಬೇರೊಂದು ಲೋಕ. ಅಲ್ಲಿ ಕತ್ತಿ, ಮಂತ್ರ, ರಾಕ್ಷಸರು. ಇಲ್ಲಿ ಯಾರೂ ಕೇಳದ ಹುಡುಗ ಅಲ್ಲಿ ಮಹಾಶೂರ. ಇಂಥವು ಸಾಲುಸಾಲಾಗಿ ಬಂದು ಜನಕ್ಕೆ ಸಾಕಾದಾಗ, ಅದನ್ನೇ ಗೇಲಿ ಮಾಡುವ ಹುಚ್ಚುಚ್ಚು ಅನಿಮೆಗಳು ಹುಟ್ಟಿಕೊಂಡವಂತೆ. ಕಂಡಕ್ಟರು ಎಲ್ಲರಿಗೂ ಹೇಳುತ್ತಿದ್ದುದು ಈ ಗೇಲಿಯವನ್ನು ಮಾತ್ರ. ಯಾಕೆ ಎಂದು ಕೇಳಿದ್ದಕ್ಕೆ, "ಸೀರಿಯಸ್ ಆಗಿರೋದ್ರಲ್ಲಿ ಹೀರೋಗೆ ಎಲ್ಲಾ ಬತ್ತದೆ ಅಕ್ಕಾ. ಬೆಂಕಿ ಉಗುಳಕ್ಕೂ ಬತ್ತದೆ, ಆಕಾಸಕ್ ಆರಕ್ಕೂ ಬತ್ತದೆ. ಇಲ್ಲಿ ಮಲ್ಗಿರೋ ನಮ್ಗೆ ಒಂದ್ ಲೋಟ ನೀರ್ ಕುಡಿಯಕ್ಕೂ ಬರಕಿಲ್ಲ. ಗೇಲಿ ಮಾಡೋದ್ರಲ್ಲಿ ಹೀರೋಗೂ ಏನೂ ಬರಕಿಲ್ಲ ನೋಡಿ, ಅವ್ನು ನಮ್ಮೋನು" ಎಂದರು.

ಅವರು ನೋಡುತ್ತಿದ್ದುದೆಲ್ಲ ತಮಿಳಿಗೆ ಡಬ್ ಆದವು. ಹನೂರಿನ ಆಚೆ ಅರ್ಧ ಮಾತು ಕನ್ನಡ, ಅರ್ಧ ತಮಿಳು. ಅವರಿಗೆ ಎರಡೂ ಒಂದೇ. ನಮಗಾಗಿ ನಡುನಡುವೆ ಕನ್ನಡ ಮಾಡಿ ಹೇಳುತ್ತಿದ್ದರು. ಆ ಬೇರೆ ಲೋಕಕ್ಕೆ ಅವರು ಇಟ್ಟ ಹೆಸರು ಪಕ್ಕದ ಲೋಕ. ಮೊದಲ ದಿನವೇ ಅಪ್ಪ ಅಲ್ಲಿ ತಗಾದೆ ತೆಗೆದರು.

"ಸತ್ತೋದ್ನಾ ಈಗ?"

"ಸತ್ತೋದ."

"ಮತ್ತೆ ನಿಂತವ್ನಲ್ಲ?"

"ಅದು ಪಕ್ಕದ್ ಲೋಕ ಯಜಮಾನ್ರೇ."

"ಪಕ್ಕದ್ದು ಅಂದ್ರೆ ಎಷ್ಟ್ ದೂರ?"

"ಕೊಳ್ಳೇಗಾಲ್ಕೂ ಮುಳ್ಳೂರ್ಗೂ ಇದ್ದಂಗೆ ಅಂದ್ಕಳಿ."

"ಅಂಗಾರೆ ಲಾರಿ ಯಾಕ್ಲಾ ಬೇಕಿತ್ತು? ನಡ್ಕಂಡೇ ಓಗ್ಬೋದಿತ್ತಲ್ಲ!"

ಎರಡೂ ಕಡೆಯ ಮಂಚಗಳಿಂದ ನಗು ಬಂತು. ಅಪ್ಪ ನಗಲಿಲ್ಲ. ಅವರು ನಿಜಕ್ಕೂ ಲೆಕ್ಕ ಹಾಕುತ್ತಿದ್ದರು.

ಆ ಕಥೆ ಹೀಗಿತ್ತು. ಲಾರಿಗೆ ಸಿಕ್ಕಿ ಸತ್ತ ಹುಡುಗ ಪಕ್ಕದ ಲೋಕದ ಹೆಬ್ಬಾಗಿಲಿಗೆ ಬಂದು ನಿಲ್ಲುತ್ತಾನೆ. ಒಳಗೆ ಕತ್ತಿ ಕಾದಿದೆ, ರಾಜಕುಮಾರಿ ಕಾದಿದ್ದಾಳೆ, ರಾಕ್ಷಸನೂ ಕಾದಿದ್ದಾನೆ. ಬಾಗಿಲು ಕಾಯುವ ದೇವತೆ ಮಾತ್ರ ಬೀಗದ ಕೈ ಕಳೆದುಕೊಂಡಿದ್ದಾಳೆ. ಪ್ರತಿ ಭಾಗದಲ್ಲೂ ಹುಡುಕುತ್ತಾಳೆ, ಸಿಗುವುದಿಲ್ಲ. ಹುಡುಗನ ಹಿಂದೆ ಸತ್ತು ಬಂದ ಬೇರೆ ಬೇರೆ ಶೂರರು ಸಾಲುಗಟ್ಟುತ್ತಾರೆ. ಸಾಲಿನಲ್ಲೇ ಒಲೆ ಹೂಡುತ್ತಾರೆ, ಜಗಳವಾಡುತ್ತಾರೆ, ಒಬ್ಬ ಮದುವೆಯನ್ನೂ ಆಗುತ್ತಾನೆ. ಯಾರೂ ಒಳಗೆ ಹೋಗುವುದೇ ಇಲ್ಲ.

ತಮಿಳಿನಲ್ಲಿ ಬೀಗದ ಕೈಗೆ ಸಾವಿ ಎನ್ನುತ್ತಾರೆ. ಆ ದೇವತೆ ಸೆರಗು ಕೊಡವಿ, ತಲೆ ಚಚ್ಚಿಕೊಂಡು, "ಸಾವಿ ಇಲ್ಲೆ! ಸಾವಿ ಇಲ್ಲೆ!" ಎಂದು ಕಿರುಚುತ್ತಿದ್ದಳು. ಕೀ ಇಲ್ಲ ಎಂದು ಅದರ ಅರ್ಥ. ಇದು ಆಗ ನನಗೆ ಗೊತ್ತಿರಲಿಲ್ಲ. ಅಪ್ಪ ದಿಂಬಿನಿಂದ ತಲೆ ಎತ್ತಿದರು.

"ಸಾವಿಲ್ಲ ಅಂತಾವ್ಳೆ! ಕೇಳುಸ್ತಾ ಕಂಡಕ್ಟ್ರೇ? ಸತ್ತು ಬಂದು ಸಾಲಾಗ್ ನಿಂತವ್ರೆ, ಅವ್ರ್ ಮುಂದೆ ಸಾವಿಲ್ಲ ಸಾವಿಲ್ಲ ಅಂತ ಬಾಯ್ ಬಡ್ಕತಾವ್ಳಲ್ಲ, ಎಂಥಾ ಸುಳ್ಳಿ ಇವ್ಳು!"

ಹೇಳಿ ನಕ್ಕರು. ಕೆಮ್ಮು ಬರುವವರೆಗೆ ನಕ್ಕರು. ಮಷೀನು ಕೂಗಿಕೊಂಡಿತು, ಸಿಸ್ಟರ್ ಓಡಿ ಬಂದರು. ಕಂಡಕ್ಟರು ಒಂದು ಕ್ಷಣ ಅಪ್ಪನ ಮುಖ ನೋಡಿದರು. ಆಮೇಲೆ ತಾವೂ ಜೋರಾಗಿ ನಗತೊಡಗಿದರು.

ಸಿಸ್ಟರ್ ಕೌದಳ್ಳಿ ಕಡೆಯವರು, ತಮಿಳು ಬಲ್ಲವರು. ತಿದ್ದಲು ಬಾಯಿ ತೆರೆದರು. ಕಂಡಕ್ಟರು ಕಣ್ಣಲ್ಲೇ ಬೇಡ ಎಂದರು. ಅಪ್ಪನಿಗೆ ಜೊಂಪು ಹತ್ತಿದ ಮೇಲೆ ಸಿಸ್ಟರ್ ನನಗೆ ಅರ್ಥ ಹೇಳಿದಾಗ ಕಂಡಕ್ಟರು ಮೆಲ್ಲಗೆ ಅಂದದ್ದು ಇಷ್ಟು: "ಓಡ್ತಿರೋ ಗಾಡಿ ಸಿಸ್ಟರ್. ಯಾಕ್ ನಿಲ್ಲುಸ್ಬೇಕು?"

ಸೂಜಿ ತೆಗೆಯುವ ಹೊತ್ತಿಗೆ ಕಥೆ ಅರ್ಧದಲ್ಲಿತ್ತು. ಮಿಕ್ಕದ್ದನ್ನು ಈಗಲೇ ಹೇಳು ಎಂದರು ಅಪ್ಪ.

"ಈ ಬಸ್ಸು ಅನೂರ್ಗಂಟ ಅಷ್ಟೇ ಯಜಮಾನ್ರೇ. ಬೆಟ್ಟಕ್ ಓಗೋರು ಮುಂದಿನ್ ಸಲ ಅತ್ಕಳಿ."

ಅಪ್ಪ ಮುಂದಿನ ಸಲ ಬಂದರು. ಅದರ ಮುಂದಿನ ಸಲವೂ ಬಂದರು. ನಾನು ಬಲವಂತ ಮಾಡಲಿಲ್ಲ. ಬೆಳಿಗ್ಗೆ ನನಗಿಂತ ಮೊದಲೇ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದರು. ವಾರ್ಡಿಗೆ ಕಾಲಿಟ್ಟ ಕೂಡಲೇ, "ಸಾವಿ?" ಎಂದು ಕೇಳುವುದು. ಕಂಡಕ್ಟರು ಮಲಗಿದಲ್ಲಿಂದಲೇ, "ಇಲ್ಲೆ ಇಲ್ಲೆ, ರೈಟ್!" ಎಂದು ಕೂಗುವುದು. ಮಷೀನುಗಳ ನಡುವೆ ಅದು ನಮಸ್ಕಾರದ ಹಾಗೆ ಆಗಿಬಿಟ್ಟಿತ್ತು.

ಕಂಡಕ್ಟರು ಶಿಫಾರಸು ಮಾಡುವ ರೀತಿ ಈಗಲೂ ನನಗೆ ಸೋಜಿಗ. ಇದು ಚೆನ್ನಾಗಿದೆ ನೋಡಿ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಮೊದಲು ಮುಖ ನೋಡುವರು, ವಾಂತಿ ಮಾಡುವವರನ್ನು ಕಿಟಕಿಗೆ ಕೂರಿಸಿ ಅಭ್ಯಾಸವಾದ ಕಣ್ಣು. ರಾತ್ರಿ ನಿದ್ದೆ ಬರುತ್ತದಾ, ಮನೆಯಲ್ಲಿ ಒಬ್ಬರೇ ನೋಡುತ್ತೀರಾ, ಕೊನೆಯಲ್ಲಿ ಸ್ವಲ್ಪ ಅಳು ಬಂದರೆ ಪರವಾಗಿಲ್ಲವಾ ಎಂದು ವಿಚಾರಿಸುವರು. ಘಾಟಿ ರಸ್ತೆಗೆ ಹೆದರುತ್ತಿದ್ದ ಸಿಸ್ಟರ್‌ಗೆ, ಎತ್ತರ ಕಂಡರೆ ನಡುಗಿ ಎತ್ತಿನ ಗಾಡಿಯಲ್ಲೇ ಊರೂರು ತಿರುಗುವ ಡ್ರ್ಯಾಗನ್ನಿನ ಕಥೆ ಕೊಟ್ಟರು. ನನಗೆ ಕೊಟ್ಟದ್ದು ಬೇರೆ. ಶೂರರ ಸಂಖ್ಯೆ ಮಿತಿಮೀರಿ, ಉಳಿದಿರುವ ಒಬ್ಬನೇ ಒಬ್ಬ ಮುದಿ ರಾಕ್ಷಸನ ಜೊತೆ ಕಾದಾಡಲು ಎಲ್ಲರೂ ಸರದಿ ಕಾಯುವ ಲೋಕ. ಆ ರಾಕ್ಷಸನಿಗೆ ಮಂಡಿನೋವು, ಅವನನ್ನು ಮಗಳು ನೋಡಿಕೊಳ್ಳುತ್ತಾಳೆ. "ಇದು ನಿಮ್ಗೆ ಅಕ್ಕಾ" ಎಂದಷ್ಟೇ ಹೇಳಿದರು. ಮೊದಲ ಭಾಗ ನೋಡಿ ರುಚಿಸಲಿಲ್ಲ ಎಂದೆ.

"ಮೂರ್ ಭಾಗ ಸುಮ್ಗೆ ಕೂತ್ಕಳಿ. ಮಧುವನಹಳ್ಳಿ ದಾಟೋಗಂಟ ಯಾವ್ ಬಸ್ಸೂ ಸ್ಪೀಡ್ ತಕಳಕಿಲ್ಲ."

ಮೂರನೆಯ ಭಾಗದಲ್ಲಿ ನಕ್ಕೆ. ಎಲ್ಲಿ ನಕ್ಕೆ ಎಂಬುದು ಈಗ ಮರೆತಿದೆ...

ಕಂಡಕ್ಟರ ಸ್ವಂತ ಅಕ್ಕ ಅವರಿಗೆ ಕಿಡ್ನಿ ಕೊಡಲು ಒಪ್ಪಿದ್ದರು. ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದರು. ಹೊಂದುವುದಿಲ್ಲ ಎಂದು ಬಂತು. ಈ ಸುದ್ದಿಯನ್ನು ಕಂಡಕ್ಟರು ಎಂದಿನ ದನಿಯಲ್ಲೇ ಹೇಳಿದರು, ಸ್ಟಾಪು ತಪ್ಪಿಸಿಕೊಂಡ ಪ್ರಯಾಣಿಕರಿಗೆ ಇಳಿಯಿರಿ ಎನ್ನುವ ಹಾಗೆ. ಅಪ್ಪ ಮೊದಲ ಸಲ ಸಾವಿಲ್ಲ ಎಂದು ನಕ್ಕದ್ದು ಅದೇ ದಿನ ಎಂದು ನನ್ನ ನೆನಪು ಹೇಳುತ್ತದೆ. ಹಾಗೆ ಬರೆದರೆ ಎಲ್ಲ ಚೆನ್ನಾಗಿ ಕೂರುತ್ತದೆ. ಚೆನ್ನಾಗಿ ಕೂರುತ್ತದೆ ಎಂಬುದೇ ನನ್ನ ಅನುಮಾನ. ಒಂದು ವಾರ ಹಿಂದೆಯೋ ಮುಂದೆಯೋ ಆಗಿರಬಹುದು. ಆದರೆ ಅಪ್ಪ ತಿರುಗಿ ಮಲಗಿ, ಖಾಲಿ ಇದ್ದ ಬಲಗೈಯನ್ನು ಸ್ಟೂಲಿನವರೆಗೆ ಚಾಚಿ, "ಮೊಬೈಲ್ ಆನ್ ಮಾಡು ಕಂಡಕ್ಟ್ರೇ, ಆ ಸುಳ್ಳಿ ಇವತ್ತೇನ್ ಅಂತಾಳೆ ನೋಡುವ" ಎಂದ ಒಂದು ದಿನ ಖಂಡಿತ ಇತ್ತು.

ಆಮೇಲೆ ಒಂದು ಬೆಳಿಗ್ಗೆ ಆ ಮಂಚದಲ್ಲಿ ಬೇರೊಬ್ಬರು ಮಲಗಿದ್ದರು. ಬಾಗಿಲಲ್ಲಿ ಅಪ್ಪ "ಸಾವಿ?" ಎಂದರು. ಸೂಜಿಯ ಜಾಗಕ್ಕೆ ಕೀವಾಗಿ ಜ್ವರ ಏರಿ ಕಂಡಕ್ಟರನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದಾರೆ ಎಂದರು ಸಿಸ್ಟರ್. ಅಪ್ಪ ಮಂಚದ ಮೇಲೆ ಕೂತರು, ಮಲಗಲಿಲ್ಲ. ಈಗ ಎದ್ದು ಹೋಗುತ್ತಾರೆ ಎಂದುಕೊಂಡೆ. ಚಪ್ಪಲಿ ಕಾಲಲ್ಲೇ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ಪಕ್ಕದ ಮಂಚದ ಹೊಸಬರು ಯಾರನ್ನೂ ಉದ್ದೇಶಿಸದೆ, "ನಾಕ್ ಗಂಟೆ ಇಂಗೇ ಬಿದ್ದಿರ್ಬೇಕಾ?" ಎಂದರು.

ಅಪ್ಪ ಚಪ್ಪಲಿ ಬಿಟ್ಟು ಮಲಗಿದರು. "ಒಂದ್ ಕಥೆ ಅದೆ, ಕೇಳು. ಒಬ್ಬ ಉಡ್ಗ ಲಾರಿಗ್ ಸಿಕ್ಕಿ ಸತ್ತೋಯ್ತನೆ. ಸತ್ತು ಪಕ್ಕದ್ ಲೋಕಕ್ ಓಯ್ತನೆ. ದೂರ ಏನಿಲ್ಲ..."

ಮೊಬೈಲ್ ಇಲ್ಲ, ಚಿತ್ರ ಇಲ್ಲ. ಅಪ್ಪ ಹೇಳಿದ ಕಥೆಯಲ್ಲಿ ಸಾಲಿನಲ್ಲಿ ನಿಂತವರು ರಾಗಿಮುದ್ದೆ ಕಟ್ಟುತ್ತಿದ್ದರು, ದೇವತೆಗೆ ಗಿರಣಿಯ ಯಜಮಾನರ ಬೈಗುಳವೆಲ್ಲ ಬರುತ್ತಿತ್ತು. ಇನ್ನೂ ಒಂದು ವರ್ಷದ ಹತ್ತಿರ ಅಪ್ಪ ಬಂದರು. ಆ ದಿನಗಳಲ್ಲೇ ಒಮ್ಮೆ ಮನೆಗೆ ಹಿಂತಿರುಗುವಾಗ, ಬಸ್ಸಿನ ಕಿಟಕಿಯಾಚೆ ನೋಡುತ್ತ ನನ್ನನ್ನು ಕೇಳಿದರು: "ಇಲ್ಲೆ ಅಂದ್ರೆ ಇಲ್ಲ ಅಂತಲೋ, ಇಲ್ಲೇ ಅದೆ ಅಂತಲೋ?" ನಾನು, ಇಲ್ಲ ಅಂತ ಅಪ್ಪ, ಎಂದೆ. ಅವರು ತಲೆ ಆಡಿಸಿದರು. ಒಪ್ಪಿದರೋ, ನನ್ನನ್ನು ಸಮಾಧಾನ ಮಾಡಿದರೋ ತಿಳಿಯಲಿಲ್ಲ.

ಅಪ್ಪ ತೀರಿಕೊಂಡು ಹನ್ನೊಂದನೆಯ ದಿನ ಸೋದರತ್ತೆ ಮನೆಯಲ್ಲಿದ್ದರು. ಮಾತಿಗೆ ಮಾತು ಬಂದು ವಾರ್ಡಿನ ಈ ತಮಾಷೆ ಹೇಳಿದೆ. ಅತ್ತೆ ನಗಲಿಲ್ಲ.

"ನಿಮ್ಮಪ್ಪುಂಗೆ ತಮಿಳು ಬರಕಿಲ್ಲ ಅಂದೋರ್ ಯಾರವ್ವ? ಮದ್ವೆಗ್ ಮುಂಚೆ ಎಲ್ಡ್ ವರ್ಸ ಸತ್ಯಮಂಗಲದ ಗಿರಣಿಲಿ ಇರ್ನಿಲ್ವಾ? ಬೀಗ ತೆಗ್ಯೋದು ಆಕೋದು ಅವ್ನ್ದೇ ಕೆಲ್ಸ."

ನನಗೆ ಇದು ಗೊತ್ತೇ ಇರಲಿಲ್ಲ. ಹಾಗಾದರೆ ಸಾವಿ ಎಂದರೆ ಏನೆಂದು ಅಪ್ಪನಿಗೆ ತಿಳಿಯದೆ ಇರುತ್ತದೆಯೆ? ತಿಳಿದೂ ಆ ದಿನ ತಪ್ಪು ಕೇಳಿಸಿಕೊಂಡವರ ಹಾಗೆ ನಕ್ಕರೇನು? ಕಂಡಕ್ಟರು ಅಪ್ಪನನ್ನು ಬಸ್ಸಿನಲ್ಲಿ ಉಳಿಸಿಕೊಳ್ಳುತ್ತಿದ್ದಾರೆ ಎಂದು ನಾನೂ ಸಿಸ್ಟರೂ ತಿಳಿದಿದ್ದೆವು. ಅಕ್ಕನ ಕಿಡ್ನಿ ಹೊಂದದ ಆ ಮನುಷ್ಯನನ್ನು ಅಪ್ಪನೇ ಉಳಿಸಿಕೊಳ್ಳುತ್ತಿದ್ದರೇನು? ಆದರೆ ಅತ್ತೆಯನ್ನೂ ಪೂರ್ತಿ ನಂಬಲಾರೆ. ನನ್ನ ತಮ್ಮ ಬೀಡಿ ಮುಟ್ಟಿದವನೇ ಅಲ್ಲ ಎಂದು ಅದೇ ಸಂಜೆ ಎಲ್ಲರ ಮುಂದೆ ಹೇಳಿದರು. ಅಪ್ಪನ ಬೀಡಿ ಕಟ್ಟುಗಳನ್ನು ತಂದುಕೊಟ್ಟವಳು ನಾನೇ. ಬಸ್ಸಿನಲ್ಲಿ ಅಪ್ಪ ಕೇಳಿದ ಆ ಪ್ರಶ್ನೆಯಾದರೂ ತಮಿಳು ಬಾರದವರ ಪ್ರಶ್ನೆಯೇ. ಬಂದವರು ಬೇಕೆಂದೇ ಕೇಳಿದ್ದೂ ಆಗಿರಬಹುದು.

ಈಗ ನನ್ನ ಮೊಬೈಲೇ ಏನೇನೋ ಶಿಫಾರಸು ಮಾಡುತ್ತದೆ. ನಿದ್ದೆ ಬರುತ್ತದಾ ಎಂದು ಅದು ಕೇಳುವುದಿಲ್ಲ. ಬಾಗಿಲು ಕಾಯುವವಳ ಕಥೆಯನ್ನು ಹುಡುಕಿ ಸಾಕಾಗಿದೆ, ಅದರ ಹೆಸರನ್ನು ಕಂಡಕ್ಟರು ಹೇಳಿರಲಿಲ್ಲ. ಅವರ ಹೆಸರನ್ನು ನಾನೂ ಕೇಳಿರಲಿಲ್ಲ. ಸಿಸ್ಟರ್‌ಗೆ ವರ್ಗವಾಗಿದೆ. ಹೋದ ತಿಂಗಳು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಬೆಟ್ಟದ ಬಸ್ಸಿನವರನ್ನು ವಿಚಾರಿಸಿದೆ. "ಯಾವ್ ಕಂಡಕ್ಟ್ರು ಅಂತ ಏಳ್ಲಿ ಅಕ್ಕಾ?" ಎಂದ ಡ್ರೈವರ್. "ಕಿಡ್ನಿ ಕೆಟ್ಟೋರು ಈ ರೂಟಲ್ಲೇ ಮೂರ್ ಜನ ಇದ್ರು. ಒಬ್ರು ಚೆನ್ನಾಗವ್ರೆ, ಇಬ್ರು ತೀರೋದ್ರು."

ಚೆನ್ನಾಗಿರುವವರು ಇವರೇ ಏನು ಎಂದು ಕೇಳಲು ನನ್ನ ಬಳಿ ಗುರುತು ಇರಲಿಲ್ಲ. ಮೀಸೆ ಇತ್ತೋ ಇಲ್ಲವೋ ಎಂಬುದೇ ಗೊತ್ತಿಲ್ಲದವಳು ಏನೆಂದು ಹೇಳಲಿ? ಬಸ್ಸು ಹೊರಟಿತು. ಅಪ್ಪನಿಗೆ ಸಾವಿ ಎಂಬ ಪದ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅಪ್ಪನಿಗೆ ಗೊತ್ತಿದೆ ಎಂದು ಕಂಡಕ್ಟರಿಗೆ ಗೊತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಹೇಳಬಹುದಾಗಿದ್ದ ಇಬ್ಬರಲ್ಲಿ ಒಬ್ಬರು ಇಲ್ಲ. ಇನ್ನೊಬ್ಬರು ಇದ್ದಾರೋ ಇಲ್ಲವೋ ತಿಳಿಯದು.