ಕೌತಾಳಂಗೆ ಎರಡು ಸಲ ಹೋದ ಪೆನ್‌ಡ್ರೈವ್

“ಏಮ್ಮಾ, ಮಳ್ಳೀ ನುವ್ವೇನಾ?”

ಮತ್ತೆ ನೀನೇನಾ ಎಂದು ಕೌತಾಳಂ ಬಸ್ಸಿನ ಕಂಡಕ್ಟರ್ ತೆಲುಗಿನಲ್ಲಿ ಕೇಳಿದ. ಕೇಳದೆ ಇರುತ್ತಾನೆಯೇ? ಹೋದ ಶನಿವಾರ ಒಂದೇ ದಿನದಲ್ಲಿ ಆದೋನಿಯಿಂದ ಅದೇ ಊರಿಗೆ ನನ್ನದು ಎರಡನೇ ಟ್ರಿಪ್.

ಕೌತಾಳಂನಲ್ಲಿ ಶಾರದಕ್ಕ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಾರೆ. ಅಲ್ಲಿನ ಐದು ಕಂಪ್ಯೂಟರ್‌ಗಳಿಗೆ ಹೊಸದಾಗಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೆ. ಕನ್ನಡ ಟೈಪಿಂಗ್ ಪ್ಯಾಕೇಜ್ ಬಾಕಿಯಿತ್ತು. ಸೋಮವಾರವೇ ಹುಡುಗಿಯರಿಗೆ ಕೆಲಸದ ಪರೀಕ್ಷೆ.

ಅಲ್ಲಿ ನೆಟ್ ಇಲ್ಲ. ಹಾಗಾಗಿ ಮನೆಯ ಕಂಪ್ಯೂಟರಿನಲ್ಲಿ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಆಗ ನೆಟ್‌ನಿಂದ ಇಳಿದು ಅಲ್ಲೇ ಉಳಿಯುವ ಫೈಲುಗಳ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಒಯ್ಯುತ್ತೇನೆ. ಕಲಿಸಿದವರು ಗೋಪಿ ಮಾವ. ಇನ್‌ಸ್ಟಾಲ್ ಮಾಡಲು ಅವರು ಇಂದಿಗೂ ಹಳೆಯ ‘ಆಪ್ಟ್-ಗೆಟ್’ ಕಮಾಂಡನ್ನೇ ಹೊಡೆಯುತ್ತಾರೆ. ನಾನು ಈ ಸಲ ಹೊಸ ‘ಆಪ್ಟ್’ ಹೊಡೆದೆ. ಚಿಕ್ಕ ಹೆಸರು, ಕೆಲಸ ಎಷ್ಟಾಯಿತೆಂದು ತೋರಿಸುವ ಚೆಂದದ ಪಟ್ಟಿ. ಫೋಲ್ಡರ್ ಕಾಪಿ ಆಯಿತು, ದಿನಚರಿಯಲ್ಲಿ ಟಿಕ್ ಬಿತ್ತು. (ಕೆಲಸ ಮುಗಿದೊಡನೆ ಟಿಕ್ ಹಾಕುವುದು ನನ್ನ ಚಟ.)

ಕೌತಾಳಂನಲ್ಲಿ ಫೋಲ್ಡರ್ ತೆರೆದರೆ ಒಳಗೆ ಒಂದೂ ಪ್ಯಾಕೇಜ್ ಇಲ್ಲ!

“ಏನವ್ವ ಪದ್ದಿ, ಡಬ್ಬಿ ತಂದು ಬುತ್ತಿ ಮನ್ಯಾಗ ಬಿಟ್ಟಿಯೇನು?” ಶಾರದಕ್ಕ ನಕ್ಕರು. ಹುಡುಗಿಯರು ನಗಲಿಲ್ಲ.

ಮಾವನಿಗೆ ಫೋನ್ ಹಚ್ಚಿ, ಫೋಲ್ಡರ್ ಖಾಲಿ ಎಂದೆ.

“ಹೊಸಾದು ಹೊಡದೀ ಹೌದಿಲ್ಲೋ? ಅದು ಊಟ ಆದ ಕೂಡಲೇ ಎಲಿ ಎತ್ತಿ ಗೋಮಯ ಹಚ್ಚಿಬಿಡತದ. ಇನ್‌ಸ್ಟಾಲ್ ಮುಗೀತು, ಫೈಲ್ ಅಳಿಸ್ತು. ಹಳೇದು ಇಟ್ಕೋತದ.”

“ಮೊದಲೇ ಹೇಳಬಾರದೇನು ಮಾವಾ?”

“ನೀ ಎಲ್ಲಿ ಕೇಳಿದಿ? ಮುದುಕರ ಕಮಾಂಡ್ ಅಂತ ನಕ್ಕೀ!”

“ನಾಳೆ ಬಾರವ್ವ” ಎಂದರು ಶಾರದಕ್ಕ. ನಾಳೆಯೇ? ಉಳಿದಿದ್ದೇ ಎರಡು ದಿನ, ಅದರಲ್ಲಿ ಒಂದನ್ನು ನಾನು ತಿನ್ನಲೇ? ಆದೋನಿಗೆ ಓಡಿದೆ. ಆಪ್ಟ್-ಗೆಟ್‌ನಿಂದ ಎಲ್ಲವನ್ನೂ ಮತ್ತೆ ಇಳಿಸಿದೆ. ಪೆನ್‌ಡ್ರೈವ್ ತೆರೆದು ಒಂದೊಂದೇ ಫೈಲ್ ನೋಡಿದೆ. ಮತ್ತೆ ಅದೇ ಬಸ್ಸು, ಅದೇ ಕಂಡಕ್ಟರ್.

ಹುಡುಗಿಯರು ಮನೆಗೆ ಹೋಗದೆ ಕಾದಿದ್ದರು. ಸಂಜೆ ಪರದೆಯ ಮೇಲೆ ಕನ್ನಡ ಮೂಡಿದ್ದೇ ತಡ, ಐದೂ ಕೀಬೋರ್ಡ್‌ಗಳು ಒಟ್ಟಿಗೆ ಸದ್ದು ಮಾಡಿದವು.

ಹೊಸ ಕಮಾಂಡನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಒಂದು ಸಾಲಿನ ಸೆಟ್ಟಿಂಗ್ ಸೇರಿಸಿದರೆ ಅದೂ ಫೈಲುಗಳನ್ನು ಇಟ್ಟುಕೊಳ್ಳುತ್ತದೆ, ಸೇರಿಸಿದ್ದೇನೆ. ಹೊಸದು ಏನೇನು ಮಾಡುತ್ತದೆ ಎಂದು ಎಲ್ಲರೂ ಕೇಳುತ್ತೇವೆ. ಹಳೆಯದು ಸದ್ದಿಲ್ಲದೆ ಏನು ಮಾಡುತ್ತಿತ್ತು ಎಂದು ಬಸ್ ಹತ್ತುವ ಮೊದಲು ನಾವು ಕೇಳುತ್ತೇವೆಯೇ?